ಕೊಟ್ಟೂರು ಬಿದ್ದ ಭಾನುವಾರ

ನನಗೀಗ ಐವತ್ಮೂರು. ಮೊನ್ನೆ ಮೊನ್ನೆಯವರೆಗೂ ನಾನು ಒಂದೇ ಒಂದು ಯುದ್ಧವನ್ನೂ ಸೋತಿರಲಿಲ್ಲ. ಹೀಗೆಂದರೆ ನನ್ನ ಹೆಂಡತಿ ಶಾರದೆ ನಗುತ್ತಾಳೆ, ನಗಲಿ. ನಾನು ಹೇಳುತ್ತಿರುವುದು ಮನೆಯೊಳಗಿನ ಯುದ್ಧಗಳ ಮಾತಲ್ಲ, ಲ್ಯಾಪ್‌ಟಾಪಿನೊಳಗಿನ ಯುದ್ಧಗಳ ಮಾತು.

ಕೊಟ್ಟೂರಿನ ಕಾಲೇಜೊಂದರಲ್ಲಿ ನಾನು ಇತಿಹಾಸ ಹೇಳುವ ಮೇಷ್ಟರು. ಪಾಠ ಮುಗಿಸಿ ಬಂದು, ಚಹಾ ಕುಡಿದು, ರಾಜನಾಗುತ್ತೇನೆ. ಕೋಟೆ ಕಟ್ಟುವುದು, ದಂಡು ಕೂಡಿಸುವುದು, ಪಕ್ಕದ ರಾಜ್ಯದ ಮೇಲೆ ಏರಿ ಹೋಗುವುದು, ಇಷ್ಟೇ ಆಟ. ಇದರಲ್ಲಿ ‘ಸೇವ್’ ಎಂಬುದೊಂದು ಗುಂಡಿಯುಂಟು. ಒತ್ತಿದರೆ ಆ ಗಳಿಗೆಯ ರಾಜ್ಯ ಇದ್ದಂತೆಯೇ ಉಳಿಯುತ್ತದೆ. ಮುಂದೆ ಯುದ್ಧದಲ್ಲಿ ಮಣ್ಣು ಮುಕ್ಕಿದರೆ ಚಿಂತೆಯಿಲ್ಲ, ಉಳಿಸಿಟ್ಟ ಗಳಿಗೆಗೆ ವಾಪಸ್ ಹೋಗಿ ಬೇರೆ ದಾರಿ ಹಿಡಿದರಾಯಿತು. ನಾನು ಎಂದೂ ಸೋಲದ ಗುಟ್ಟು ಇದು. ಒಮ್ಮೆ ಒಂದು ಹೊಳೆ ದಾಟಲು ಹನ್ನೊಂದು ಸಲ ದಂಡನ್ನು ಮುಳುಗಿಸಿ ಹನ್ನೆರಡನೆಯ ಸಲ ದಡ ಸೇರಿಸಿದೆ. ಆಮೇಲೆ ಎದೆ ಉಬ್ಬಿಸಿಕೊಂಡು ಅಡುಗೆಮನೆಗೆ ಹೋಗಿ ಇನ್ನೊಂದು ಲೋಟ ಚಹಾ ಕೇಳಿದೆ.

ಯುದ್ಧ ನಡೆಯುತ್ತಿರುವಾಗಲೇ ಸೇವ್ ಮಾಡಲು ಬಿಡಬೇಕೋ ಬಾರದೋ ಎಂಬುದು ಈ ಆಟದವರ ನಡುವೆ ಮುಗಿಯದ ಜಗಳ. ಕೆಲವು ಆಟಗಳಲ್ಲಿ ಬಿಡುತ್ತಾರೆ, ಕೆಲವರು ‘ಯುದ್ಧ ಮುಗಿಸಿ ಬಾ, ಆಮೇಲೆ ನೋಡೋಣ’ ಎನ್ನುತ್ತಾರೆ. ನಾನು ಬಿಡಬೇಕೆಂಬ ಪಕ್ಷದವನು. ಒಂದು ಯುದ್ಧ ಎರಡು ತಾಸು ಹಿಡಿಯುತ್ತದೆ. ಅಷ್ಟರಲ್ಲಿ ಯಾರಾದರೂ ಬೀಗರು ಬರಬಹುದು, ಹಾಲು ಉಕ್ಕಬಹುದು, ಕರೆಂಟು ಹೋಗಬಹುದು. ಕರೆಂಟಿನ ವಾದವನ್ನು ನಾನು ಬಹಳ ದಿನ ಎತ್ತಿ ಹಿಡಿದಿದ್ದೆ. ಶಾರದೆ ಗಣಿತದ ಟೀಚರು. ಒಂದೇ ಮಾತಿನಲ್ಲಿ ಮುಗಿಸಿದಳು: “ಲ್ಯಾಪ್‌ಟಾಪಿಗೆ ಬ್ಯಾಟ್ರಿ ಐತಲ್ರೀ?”

ಆದರೂ ಇತಿಹಾಸದ ಮೇಷ್ಟರಾಗಿ ಯೋಚಿಸಿದಾಗ ನನಗೇ ದಿಗಿಲಾಗುತ್ತದೆ. ನಮ್ಮ ಸೀಮೆಯ ಪಾಳೆಯಗಾರರಿಗೆಲ್ಲ ಈ ಗುಂಡಿ ಸಿಕ್ಕಿದ್ದರೆ ಗತಿ ಏನಾಗುತ್ತಿತ್ತು? ಯಾರೂ ಸೋಲುತ್ತಿರಲಿಲ್ಲ, ಯಾರೂ ಗೆಲ್ಲುತ್ತಲೂ ಇರಲಿಲ್ಲ. ಎಲ್ಲರೂ ಅದೇ ಒಂದು ಬೆಳಗನ್ನು ಮತ್ತೆ ಮತ್ತೆ ಆಡುತ್ತ ಕೂತಿರುತ್ತಿದ್ದರು, ಪಾಠ ಮಾಡಲು ನನಗೆ ಇತಿಹಾಸವೇ ಇರುತ್ತಿರಲಿಲ್ಲ. ಸಂಬಳವೂ.

ಇನ್ನು ನನ್ನ ಎದುರಾಳಿಯ ವಿಷಯ. ಹಾಲೇಶ ನನ್ನ ಹಾಸ್ಟೆಲ್ ಕಾಲದ ಗೆಳೆಯ, ಹರಪನಹಳ್ಳಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವನು. ಭಾನುವಾರ ಅಂಗಡಿಗೆ ರಜೆ. ಬೆಳಗಿನ ಬಸ್ಸಿಗೆ ಕೊಟ್ಟೂರಿಗೆ ಬರುತ್ತಾನೆ, ಶಾರದೆ ಮಾಡಿದ ಒಗ್ಗರಣೆ ಮಂಡಕ್ಕಿ ತಿನ್ನುತ್ತಾನೆ, ಆಮೇಲೆ ಇಬ್ಬರೂ ಒಂದೇ ಲ್ಯಾಪ್‌ಟಾಪಿನ ಮುಂದೆ ಕೂತು ಸರದಿಯಂತೆ ಯುದ್ಧ ಮಾಡುತ್ತೇವೆ. ಎರಡು ವರ್ಷದಿಂದ ಒಂದೇ ಆಟ ನಡೆದಿದೆ. ಕೋಟೆಗಳಿಗೆ ನಮ್ಮ ಊರುಗಳ ಹೆಸರನ್ನೇ ಇಟ್ಟಿದ್ದೇವೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ ನನ್ನವು. ಹರಪನಹಳ್ಳಿ, ಹಡಗಲಿ ಅವನವು. ನೀಲಗುಂದಕ್ಕೆ ಸದಾ ತಂಟೆ. ನಿಜವಾದ ಹರಪನಹಳ್ಳಿ ಬಳ್ಳಾರಿ ಜಿಲ್ಲೆಯಿಂದ ದಾವಣಗೆರೆಗೆ ಹೋಗಿ, ಮತ್ತೆ ಬಳ್ಳಾರಿಗೆ ಬಂದು, ಈಗ ವಿಜಯನಗರದಲ್ಲಿದೆ. “ಮನಿ ಹೊಸ್ತಿಲ ದಾಟಿಲ್ಲ ನೋಡಲೇ, ಮೂರು ಜಿಲ್ಲೆ ತಿರುಗೀನಿ” ಎಂದು ಹಾಲೇಶ ಹೇಳಿಕೊಳ್ಳುತ್ತಾನೆ. ಅಂಥವನ ಊರನ್ನು ನಾನು ಆಟದಲ್ಲಿಯೂ ಆಗಾಗ ಕಸಿದುಕೊಂಡು, ಕಪ್ಪ ಕೊಟ್ಟಮೇಲೆ ಬಿಟ್ಟುಕೊಡುತ್ತಿದ್ದೆ. ಅವನು ನನ್ನ ಒಂದು ಊರನ್ನೂ ಗೆದ್ದಿರಲಿಲ್ಲ.

ನಮ್ಮಿಬ್ಬರ ನಡುವೆ ಒಂದೇ ಕರಾರು: ಯುದ್ಧದ ನಡುವೆ ಸೇವ್ ಮಾಡಬಾರದು. ಇದು ಹಾಲೇಶನ ಹಟ. ಹಾಸ್ಟೆಲಿನ ಕಟ್ಟೆಯ ಮೇಲೆ ಸುಣ್ಣದ ಕಡ್ಡಿಯಿಂದ ಗೆರೆ ಎಳೆದು ಹುಲಿ-ಕುರಿ ಆಡುವಾಗಲೂ ಅವನು ಹೀಗೆಯೇ ಇದ್ದ. “ಇಟ್ಟ ಕಾಯಿ ಎತ್ತಂಗಿಲ್ಲ ಲೇ” ಎಂದು ಕೈ ಹಿಡಿದುಬಿಡುತ್ತಿದ್ದ. ಒಬ್ಬನೇ ಕೂತಾಗ ಹನ್ನೊಂದು ಸಲ ಮುಳುಗುವ ನಾನು ಅವನೆದುರು ಮಾತ್ರ ಸತ್ಯಹರಿಶ್ಚಂದ್ರ.

ಹಾಗಂತ ಅಂದುಕೊಂಡಿದ್ದೆ. ಆ ಭಾನುವಾರ ಅವನು ಆನೆಗಳ ದಂಡು ಕಟ್ಟಿಕೊಂಡು ಕೊಟ್ಟೂರಿನ ಮೇಲೆ ಬಂದ. ನಾನೋ, ಬುದ್ಧಿಗೇಡಿ, ಅದೇ ಹೊತ್ತಿಗೆ ಕುದುರೆ ದಂಡನ್ನೆಲ್ಲ ನೀಲಗುಂದದ ಆಸೆಗೆ ಹೊರಗೆ ಕಳಿಸಿದೆ. ಕಳಿಸುವ ಮುಂಚೆ, ಅವನು ಕನ್ನಡಕ ಒರೆಸಿಕೊಳ್ಳುತ್ತಿದ್ದಾಗ, ನನ್ನ ಬೆರಳು ರೂಢಿಯಂತೆ ಹೋಗಿ ಸೇವ್ ಒತ್ತಿತು. ಬೆರಳಿನ ಮೇಲೆ ತಪ್ಪು ಹೊರಿಸುವುದು ಸುಲಭ, ಮುಂದಿನದನ್ನು ಬೆರಳಿನ ಮೇಲೆ ಹಾಕಲಾರೆ. ಆನೆಗಳು ಬಾಗಿಲು ಮುರಿದವು. ಕೊಟ್ಟೂರು ಬಿತ್ತು! ನಾನು ಹುಟ್ಟಿದ ಊರು, ನಾನು ಕೂತಿರುವ ಊರು, ಹರಪನಹಳ್ಳಿಯವನ ಬಾವುಟದ ಕೆಳಗೆ. ಹಾಲೇಶ ಕುರ್ಚಿಯಿಂದ ಎದ್ದವನೇ ಫೋನು ಹಿಡಿದು ಅಂಗಳಕ್ಕೆ ಓಡಿದ. ಅವನು ತಿರುಗಿ ಬರುವಷ್ಟರಲ್ಲಿ ನಾನು ಹಿಂದಿನ ಗಳಿಗೆಗೆ ಹೋಗಿ, ಕುದುರೆಗಳನ್ನು ಕೋಟೆಯೊಳಗೇ ಇಟ್ಟು, ಬಾಗಿಲು ಭದ್ರ ಮಾಡಿ ಕೂತಿದ್ದೆ.

ಅವನು ಪರದೆಯನ್ನೇ ನೋಡಿದ. “ಏನೋ ಹ್ಯಾಂಗ್ ಆತು ನೋಡಲೇ. ಹಿಂದಕ್ಕ ಹೋಗಿ ನಿಂತೈತಿ” ಎಂದೆ. “ಹೌದಾ?” ಎಂದ, ಅಷ್ಟೇ. ಫೋನು ಕಿಸೆಗಿಟ್ಟುಕೊಂಡು, ಅಂಗಡಿಗೆ ಸರಕು ಬರುವುದಿದೆ ಎಂದು ಹನ್ನೊಂದರ ಬಸ್ಸಿಗೇ ಹೊರಟುಹೋದ.

ಮುಂದಿನ ಭಾನುವಾರ ಅವನು ಬರಲಿಲ್ಲ. ಅದರ ಮುಂದಿನದೂ ಇಲ್ಲ. ಫೋನು ಮಾಡಿದರೆ “ಕೆಲ್ಸ ಐತಿ ಮಾರಾಯ” ಎನ್ನುತ್ತಿದ್ದ. ಭಾನುವಾರ ಇಷ್ಟು ಉದ್ದ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಮೂವತ್ತೈದು ವರ್ಷದ ಗೆಳೆತನ ಹೋಗಿಯೇಬಿಟ್ಟಿತೇನೋ ಎಂದು, ಬೆಳಗಿನ ಬಸ್ಸು ಬರುವ ಹೊತ್ತಿಗೆ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದೆ. ಮೂರನೆಯ ವಾರ ಶಾರದೆಯ ಮುಂದೆ ಎಲ್ಲ ಕಕ್ಕಿದೆ. ಸಮಾಧಾನ ಹೇಳುತ್ತಾಳೆಂದಿದ್ದೆ. “ಕಾಪಿ ಹೊಡದ ಹುಡುಗರನ್ನ ಪರೀಕ್ಷಾ ಹಾಲಿನಿಂದ ಎಬ್ಬಿಸಿ ಕಳಸ್ತೀರಿ, ನಿಮ್ಮನ್ನ ಯಾರು ಎಬ್ಬಿಸ್ಬೇಕು?” ಎಂದಳು. ನೀನೇ ಅವನಿಗೆ ಒಂದು ಫೋನು ಮಾಡು ಎಂದರೆ, “ಹಾಲೇಶಣ್ಣ ಬಸ್ಸಿನ್ಯಾಗ ಬರ್ತಿದ್ರು. ನಿಮಗೂ ಬಸ್ಸೈತಿ” ಎಂದು ತನ್ನ ಪೇಪರು ತಿದ್ದಲು ಕೂತಳು.

ಭಾನುವಾರ ಬೆಳಗ್ಗೆಯೇ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಹರಪನಹಳ್ಳಿಗೆ ಹೋದೆ. ಕೊಟ್ಟೂರು ಬಿದ್ದ ಆ ಗಳಿಗೆಯನ್ನು ತೆರೆದು ಅವನ ಮುಂದಿಡಬೇಕೆಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದೆ. ಬಸ್ಸಿನಲ್ಲಿ ತೆಗೆದು ನೋಡಿದರೆ ಅದು ಎಲ್ಲಿಯೂ ಇಲ್ಲ. ಎಲ್ಲಿರುತ್ತದೆ? ಉಳಿಸಿದ್ದು ಸೋಲಿನ ಹಿಂದಿನ ಗಳಿಗೆಯನ್ನು. ಎರಡು ವರ್ಷದ ಆಟದಲ್ಲಿ ಹಾಲೇಶ ಗೆದ್ದ ಒಂದೇ ಒಂದು ಊರು, ಅದರ ಗುರುತೇ ಇಲ್ಲದಂತೆ ಅಳಿಸಿ ಹಾಕಿದ್ದೆ.

ಹಾಲೇಶ ಪಡಸಾಲೆಯಲ್ಲಿದ್ದ. ಅವನ ಹೆಂಡತಿ ನಾಗವೇಣಿ ನೀರು ಕೊಟ್ಟು ಒಳಗೆ ಹೋದಳು. ನಾನು ಪೀಠಿಕೆ ಇಲ್ಲದೆ ಹೇಳಿದೆ: “ಹ್ಯಾಂಗ್ ಆಗಿದ್ದಿಲ್ಲ ಲೇ. ನಾನ ಹಿಂದಕ್ಕ ಹೋಗಿದ್ದೆ. ತಪ್ಪಾತು.”

“ಗೊತ್ತಿತ್ತು ಬಿಡು” ಎಂದು ಅವನು ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದ. “ನಿನ್ನ ಊರು ನೀನು ಉಳಿಸ್ಕೊಂಡಿ, ಅದಕ್ಕ ನನಗೇನು ಸಿಟ್ಟಿಲ್ಲ. ಆದ್ರ ನಾನು ಅಂಗಳದಾಗ ನಿಂತು ಇಕಿಗೆ ಫೋನ್ ಹಚ್ಚಿ, ‘ಕೊಟ್ಟೂರು ಗೆದ್ದೆ’ ಅಂತ ಒದರಿದ್ನಲ್ಲ? ಒಳಗ ಬರೋದ್ರಾಗ ನಾನು ಸುಳ್ಳ ಹೇಳಿದವ ಆಗಿದ್ದೆ. ಗೆದ್ದಿಲ್ಲ ಅಂತ ಇಕಿಗೆ ಹೇಳಾಕ ಇವತ್ತಿಗೂ ಬಾಯಿ ಬಂದಿಲ್ಲ ಲೇ.”

ನಾನು ಲ್ಯಾಪ್‌ಟಾಪು ತೆಗೆದು ಅವನ ಮುಂದಿಟ್ಟೆ. ಸುಮ್ಮನೆ ಕೋಟೆ ಬಾಗಿಲು ತೆಗೆದು, ತಗೋ ನಿನ್ನ ಕೊಟ್ಟೂರು ಎಂದೆ. ಅವನು ಲ್ಯಾಪ್‌ಟಾಪನ್ನು ನನ್ನ ಕಡೆಗೇ ದೂಡಿದ. “ದಾನ ಯಾರಿಗೆ ಬೇಕಾಗಿತ್ತು? ಖರೇನ ಆಡು.”

ಆಡಿದೆವು. ನಾನು ನನ್ನ ವಿದ್ಯೆಯನ್ನೆಲ್ಲ ಸುರಿದೆ, ಕುದುರೆಗಳನ್ನು ಒಳಗೇ ಇಟ್ಟುಕೊಂಡೆ, ಎಣ್ಣೆ ಕಾಸಿ ಗೋಡೆಯ ಮೇಲಿಂದ ಹೊಯ್ದೆ. ಆದರೆ ಹಾಲೇಶ ಮೂರು ವಾರ ಇದನ್ನೇ ಯೋಚಿಸಿದ್ದನೆಂದು ಕಾಣುತ್ತದೆ. ಆನೆಗಳನ್ನು ಮುಂದೆ ತೋರಿಸಿ ಹಿಂದಿನ ಬಾಗಿಲಿಗೆ ಬಂದ. ಮಧ್ಯಾಹ್ನದೊಳಗೆ ಕೊಟ್ಟೂರು ಮತ್ತೆ ಬಿತ್ತು.

“ಗೆದ್ದೆ!” ಎಂದು ಅವನು ತೊಡೆ ತಟ್ಟಿ ಕೂಗಿದ.

ಒಳಗಿನಿಂದ, ರೊಟ್ಟಿ ಬಡಿಯುವ ಸದ್ದಿನ ನಡುವೆ, ನಾಗವೇಣಿಯ ದನಿ ಬಂತು. “ಅಯ್ಯ, ಕೊಟ್ಟೂರು ಅವತ್ತ ಗೆದ್ದಿದ್ರಲ್ರೀ! ಒಂದೂರನ್ನ ಎಷ್ಟು ಸಲ ಗೆಲ್ತೀರಿ? ಅಣ್ಣಾರನ್ನ ಕರ್ಕೊಂಡು ಊಟಕ್ಕ ಬರ್ರಿ.”

ನಾನು ಅಳಿಸಿಹಾಕಿದ್ದ ಗೆಲುವು ಮೂರು ವಾರದಿಂದ ಆ ಅಡುಗೆಮನೆಯಲ್ಲಿ ಹಾಗೇ ಇತ್ತು. ಹಾಲೇಶ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ, ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಕೈತೊಳೆಯಲು ಏಳುವಾಗ, ಆಟವನ್ನು ಸೇವ್ ಮಾಡಲೇನೋ ಎಂದು ಅವನನ್ನೇ ಕೇಳಿದೆ.

“ಈಗ ಮಾಡು” ಎಂದ ಹಾಲೇಶ. “ಯುದ್ಧ ಮುಗದೈತಿ.”