ಮೈಕ್ ಮಹದೇವು ಅವರ ಕೆಮ್ಮು

ಮೈಕ್ ಮಹದೇವು ಸುಳ್ಳು ಓದುವ ಮುಂಚೆ ಕೆಮ್ಮುತ್ತಿದ್ದರು. ಜೋರಾಗಲ್ಲ. ಬಾಗಿಲಲ್ಲಿ ನಿಂತ ನೆಂಟರು ಒಳಗೆ ಬರಬಹುದೇ ಎಂದು ಕೇಳುವ ಹಾಗೆ, ಮರ್ಯಾದೆಯಾಗಿ.

ಅಗ್ರಹಾರದಲ್ಲಿ ನಮ್ಮ ಮನೆಯೆದುರೇ ಅವರ ಮೈಕ್‌ಸೆಟ್ ಅಂಗಡಿ. ಚುನಾವಣೆ ಬಂತೆಂದರೆ ಪ್ರಚಾರದ ಆಟೋಗಳಿಗೆ ದನಿ ಕೊಡುವ ಕೆಲಸ, ಅದೂ ಎಲ್ಲ ಪಕ್ಷಗಳಿಗೂ. ಬೀದಿಯ ಸದ್ದು ಸೇರಬಾರದೆಂದು ಕಡುಬೇಸಿಗೆಯಲ್ಲೂ ರಗ್ಗು ಹೊದ್ದುಕೊಂಡು ರೆಕಾರ್ಡ್ ಮಾಡಿ, ಸ್ನಾನ ಮಾಡಿದವರಂತೆ ತೊಯ್ದು ಹೊರಬರುತ್ತಿದ್ದರು.

ಕೆಮ್ಮು ಶುರುವಾದದ್ದು ನಿಜವಾದ ನೆಗಡಿಯಿಂದ. ಎದುರಾಳಿ ಗೆದ್ದರೆ ನಿಮ್ಮ ತುಳಸಿಕಟ್ಟೆಗೂ ತೆರಿಗೆ ಬೀಳುತ್ತದೆ ಎಂದು ಓದುವಾಗ ನಡುವೆ ಕೆಮ್ಮು ಬಂತು. ಪಕ್ಕದ ಮನೆಯ ಪದ್ಮಕ್ಕ, ಇದು ಸುಳ್ಳಾ ಎಂದು ಕೇಳಿದರು. ಮಹದೇವು ಹೌದೆಂದರು. ಅಲ್ಲಿಂದಾಚೆಗೆ ಸುಳ್ಳಿಗೆ ಕೆಮ್ಮುವುದನ್ನು ವ್ರತದಂತೆ ಹಿಡಿದರು. ಸುಳ್ಳೆನಿಸಿದರೆ ಓದಲೇಬೇಡಿ ಎಂದು ನಾನೊಮ್ಮೆ ರೇಗಿದೆ.

"ನಾನ್ ಓದ್ದಿದ್ರೆ ಬೇರೆಯೋರು ಓದ್ತಾರೆ ಕಣಮ್ಮ. ಅವ್ರಿಗೆ ಕೆಮ್ಮಕ್ಕೆ ಬರಕ್ಕಿಲ್ಲ" ಎಂದರು.

ಇದು ಪಕ್ಷದವರಿಗೂ ತಿಳಿಯಿತು. ತಮ್ಮ ಕೆಮ್ಮು ತೆಗೆಸಲು ಬಂದವರಿಗಿಂತ ಎದುರಾಳಿಗೆ ಇನ್ನೆರಡು ಕೆಮ್ಮು ಹಾಕಿಸಲು ಬಂದವರೇ ಹೆಚ್ಚು. ತೆರಿಗೆಯೆಲ್ಲ ಇಳಿಸಿ ಸವಲತ್ತೆಲ್ಲ ಏರಿಸುತ್ತೇನೆಂದ ಅಭ್ಯರ್ಥಿಯೊಬ್ಬರ ಪ್ರಚಾರದಲ್ಲಿ ಮಾತಿಗಿಂತ ಕೆಮ್ಮೇ ಜಾಸ್ತಿಯಾಗಿ, ಪಾಪ, ಅವರು ಜೇನುತುಪ್ಪ ಕಳಿಸಿದ್ದರು.

ಒಂದು ದಿನ ನಮ್ಮ ಕಿರಿದಾದ ಬೀದಿಯಲ್ಲಿ ಎರಡು ಪಕ್ಷದ ಆಟೋಗಳು ಎದುರುಬದುರಾದವು. ಹಿಂದೆ ಸರಿದರೆ ಪಕ್ಷಕ್ಕೆ ಅವಮಾನವೆಂದು ಇಬ್ಬರು ಚಾಲಕರೂ ಎಂಜಿನ್ ಆರಿಸಿ ಕೂತರು. ಎರಡರಲ್ಲೂ ಮಹದೇವು ದನಿ. "ತೆರಿಗೆ ಏರಿಸಿದವರು ಅವರು, ನಾವಲ್ಲ" ಎಂದಿತು ಒಂದು. ಇನ್ನೊಂದೂ ಅದನ್ನೇ ಹೇಳಿತು. "ನಾವಲ್ಲ" ಎನ್ನುವ ಮುಂಚೆ ಎರಡೂ ತಪ್ಪದೆ ಕೆಮ್ಮಿದವು. ಅಷ್ಟರಲ್ಲಿ ಸೊಪ್ಪಿನ ಚೀಲ ಹಿಡಿದು ಮಹದೇವು ಅವರೇ ಬಂದರು. ಯಾರದ್ದು ನಿಜ ಎಂದು ಜನ ಅವರನ್ನು ಸುತ್ತಿಕೊಂಡರು.

"ಇಬ್ರೂ ಏರ್ಸವ್ರೆ. ಅದೊಂದ್ನ ಮಾತ್ರ ಯಾರೂ ಬರ್ಕೊಡಕ್ಕಿಲ್ಲ" ಎಂದು ಅವರು ಸೊಪ್ಪು ಬಾಡುತ್ತದೆಂದು ಮನೆಗೆ ನಡೆದರು.

ಯಾವುದಕ್ಕೂ ಒಮ್ಮತಕ್ಕೆ ಬಾರದ ಪಕ್ಷಗಳು ಅವರನ್ನು ಕೈಬಿಡುವುದರಲ್ಲಿ ಒಂದಾದವು. ಮುಂದಿನ ಚುನಾವಣೆಗೆ ಆಟೋ ಬಂದಾಗ ನಾವು ಬೆಚ್ಚಿದೆವು. ಅದೇ ದನಿ, ಕೆಮ್ಮಿಲ್ಲ. ಹಳೆಯ ರೆಕಾರ್ಡುಗಳನ್ನು ಕಂಪ್ಯೂಟರಿಗೆ ಉಣಿಸಿ ಅವರ ದನಿಯನ್ನೇ ತಯಾರಿಸಿದ್ದರು. ತಾವು ಎಂದೂ ಓದದ ಮಾತನ್ನು ತಮ್ಮದೇ ಗಂಟಲಲ್ಲಿ ಕೇಳುತ್ತ ಮಹದೇವು ಅಂಗಡಿ ಬಾಗಿಲಲ್ಲಿ ನಿಂತಿದ್ದರು. ಆಮೇಲೆ ಪಂಚೆ ಎತ್ತಿಕಟ್ಟಿ ಆಟೋ ಹಿಂದೆ ನಡೆದರು. ಬೇಕಾದ ಕಡೆಯಲ್ಲೆಲ್ಲ ತಾವೇ ಕೆಮ್ಮುತ್ತ ತಿರುವಿನವರೆಗೂ ಹೋಗಿ, ಏದುಸಿರು ಬಿಡುತ್ತ ಬಂದು ನಮ್ಮ ಜಗಲಿಯಲ್ಲಿ ಕೂತರು. ನೀರು ಕೊಟ್ಟೆ.

"ನಾನ್ ಹೋದ್ಮೇಲೂ ಇದು ಮಾತಾಡ್ತನೇ ಇರ್ತದೆ ಕಣಮ್ಮ. ಆಗ ಕೆಮ್ಮೋರು ಯಾರು?"

ಆ ಮಳೆಗಾಲದಲ್ಲೇ ಅವರು ತೀರಿಕೊಂಡರು.

ಮೊನ್ನೆ ಮತ್ತೆ ಆಟೋ ಬಂತು. ಸತ್ತವರ ದನಿ, ಸಕ್ಕರೆಯಷ್ಟು ನಯ. "ತೆರಿಗೆ ಏರಿಸಿದವರು ಅವರು" ಎಂದು ಅದು ಉಸಿರು ತೆಗೆದುಕೊಂಡಿತು. ನನ್ನ ಗಂಟಲು ನೆಟ್ಟಗೇ ಇತ್ತು. ಆದರೂ ಕೆಮ್ಮಿದೆ. ಮಹಡಿಯಿಂದ ಪದ್ಮಕ್ಕ ಕೆಮ್ಮಿದರು. ಹೂವಿನವಳು ಕೆಮ್ಮಿದಳು. ಆಟೋ ತಿರುವು ದಾಟುವವರೆಗೂ ಬೀದಿ ಕೆಮ್ಮುತ್ತಲೇ ಇತ್ತು.