ಎಡಗೈ ಹಿಡಿದೆಳೆದವರು

ಚಿಂತಾಮಣಿಯಲ್ಲಿ ಫಿಸಿಯೋಥೆರಪಿ ಮಾಡುತ್ತಿದ್ದ ತನುಜ, ಚಿಕ್ಕಬಳ್ಳಾಪುರ ಹೊಸ ಜಿಲ್ಲೆಯಾದ ಮರುವರ್ಷ ಊರೂರಿನ ಫಿಸಿಯೋಗಳನ್ನು ಹುಡುಕಿ ಸಂಘ ಕಟ್ಟಿದವಳು. ಅಧ್ಯಕ್ಷರಾಗಲು ಹಿರಿಯರಾದ ಭಾನುಪ್ರಕಾಶರನ್ನು ಒಪ್ಪಿಸಿದವಳೂ ಅವಳೇ.

ಕೈವಾರದಲ್ಲಿ ಸಂಘದ ಮೊದಲ ಉಚಿತ ಶಿಬಿರ. ಲಕ್ವ ಹೊಡೆದು ಎಡಭಾಗ ಬಿದ್ದುಹೋಗಿದ್ದ ಚಿಕ್ಕವೆಂಕಟಮ್ಮನನ್ನು ಮಗಳು ಆಟೋದಲ್ಲಿ ಕರೆತಂದಿದ್ದಳು. ತನುಜ ಮುದುಕಿಯನ್ನು ಪರೀಕ್ಷಿಸುತ್ತಿದ್ದಾಗಲೇ ಮುಖ್ಯ ಅತಿಥಿಯಾಗಿ ರಾಜಕಾರಣಿಯೊಬ್ಬರು ಬಂದರು, ಬೆನ್ನಿಗೇ ಫೋಟೋದವನು.

“ಅಜ್ಜೀನ ನಿಲ್ಲಿಸ್ರೀ, ನಡೀತಾ ಇರೋ ಹಾಗೆ ಬರ್ಲಿ,” ಎನ್ನುತ್ತಾ ಭಾನುಪ್ರಕಾಶ್ ಮುದುಕಿಯ ಬಲವಿಲ್ಲದ ಎಡಗೈಯನ್ನೇ ಹಿಡಿದು ಮೇಲಕ್ಕೆಳೆದರು. ಹಾಗೆ ಎಳೆದರೆ ಭುಜದ ಕೀಲು ಜಾರುತ್ತದೆಂದು ಮೊದಲ ವರ್ಷದ ವಿದ್ಯಾರ್ಥಿಗೂ ಗೊತ್ತು.

“ಅಯ್ಯೋ, ಚಚ್ಚಿಪೋತಾನಮ್ಮಾ!” ಸತ್ತೇ ಹೋಗುತ್ತೇನೆಂದು ಮುದುಕಿ ತೆಲುಗಿನಲ್ಲಿ ಕಿರುಚಿದಳು.

“ಕೈ ಬಿಡಿ ಸರ್!” ತನುಜ ಅಡ್ಡ ನುಗ್ಗಿ ಅವಳನ್ನು ತಬ್ಬಿ ಕೂರಿಸಿದಳು.

“ಒಂದ್ ನಿಮಿಷ ಸುಮ್ನಿರಮ್ಮ, ಸಂಘಕ್ಕೆ ಹೆಸರು ಬರುತ್ತೆ.” ಅಧ್ಯಕ್ಷರು ಕ್ಯಾಮೆರಾದ ಕಡೆಗೇ ನಗುತ್ತಿದ್ದರು.

ಆ ನಗೆ ಕಂಡು ತನುಜಳಿಗೆ ಹೇಸಿಗೆಯಾಯಿತು. ಅದಕ್ಕಿಂತ ಹೇಸಿಗೆಯಾದದ್ದು ಸುತ್ತ ನಿಂತಿದ್ದ ಸದಸ್ಯರನ್ನು ಕಂಡು. ಅವರೆಲ್ಲ ಫೋಟೋಗೆಂದು ಕ್ರಾಪು ತೀಡಿಕೊಳ್ಳುತ್ತಿದ್ದರು.

“ನಿಮ್ ಪಕ್ಕ ನಿಲ್ಲೋಕೇ ಅಸಹ್ಯ ಆಗುತ್ತೆ ಸರ್,” ಎಂದವಳು ಅತಿಥಿಯ ಎದುರೇ ಬ್ಯಾಡ್ಜ್ ಕಿತ್ತೆಸೆದಳು. ತನ್ನ ದುಪಟ್ಟಾದಲ್ಲಿ ಮುದುಕಿಯ ಕೈಯನ್ನು ಜೋಲಿ ಕಟ್ಟಿ, ಅದೇ ಆಟೋದಲ್ಲಿ ಮನೆ ಮುಟ್ಟಿಸಿದಳು.

ಅಲ್ಲಿಂದ ವಾರವಾರ ಹೋಗಿ ವ್ಯಾಯಾಮ ಮಾಡಿಸಿದಳು. ಯುಗಾದಿಯ ಹೊತ್ತಿಗೆ ಚಿಕ್ಕವೆಂಕಟಮ್ಮ ಕೋಲೂರಿಕೊಂಡು ಬೀದಿ ನಲ್ಲಿಯವರೆಗೆ ನಡೆದಳು. ಭುಜದ ನೋವು ಮಾತ್ರ ಹೋಗಲೇ ಇಲ್ಲ.

ಸಂಘ ಶಿಬಿರಗಳನ್ನು ನಡೆಸುತ್ತಲೇ ಇತ್ತು, ಅಧ್ಯಕ್ಷರಿಗೆ ಸನ್ಮಾನವೂ ಆಯಿತು. ತಾನೇ ಕಟ್ಟಿದ ಸಂಘದ ಬ್ಯಾನರು ಬಸ್‌ಸ್ಟ್ಯಾಂಡಿನಲ್ಲಿ ಕಂಡರೆ ತನುಜ ಮುಖ ತಿರುಗಿಸಿ ನಡೆದುಬಿಡುತ್ತಿದ್ದಳು.