ಸೈರನ್‌ಗಾಗಿ ಒಂದು ಮೈಸೂರು ಪೇಟ

ನಾನು ನಾಯಕರನ್ನು ತಯಾರಿಸುವ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ನಗಬೇಡಿ, ಸಿಡ್ನಿಯಲ್ಲಿ ಅದಕ್ಕೂ ಸಂಬಳ ಕೊಡುತ್ತಾರೆ. ಪೆಸಿಫಿಕ್ ಸಾಗರದ ಪುಟ್ಟ ದ್ವೀಪ ದೇಶಗಳಿಂದ ಅಧಿಕಾರಿಗಳನ್ನು ಕರೆಸಿ ಕಡಲು, ವಿದ್ಯುತ್ತು, ಚಂಡಮಾರುತ ಇವುಗಳ ಬಗ್ಗೆ ನಾಯಕತ್ವ ಕಲಿಸುವುದು ನಮ್ಮ ಕಸುಬು. ಚಂಡಮಾರುತವನ್ನು ಟಿವಿಯಲ್ಲಷ್ಟೇ ಕಂಡ ನಾವು, ಅದರೊಳಗೇ ಹುಟ್ಟಿ ಬೆಳೆದವರಿಗೆ ಅದನ್ನು ಎದುರಿಸುವುದು ಹೇಗೆಂದು ಸ್ಲೈಡ್ ಹಾಕಿ ತೋರಿಸುತ್ತೇವೆ. ಹುಬ್ಬಳ್ಳಿಯವಳಾದ ನಾನು ಸಮುದ್ರವನ್ನು ಮೊದಲು ನೋಡಿದ್ದೇ ಕಾಲೇಜು ಟ್ರಿಪ್ಪಿನಲ್ಲಿ, ಕಾರವಾರದಲ್ಲಿ, ಅದೂ ಸೀರೆ ನೆನೆಯದಷ್ಟು ದೂರದಿಂದ. ಆ ಅನುಭವದ ಬಲದ ಮೇಲೆ ನಾನಿಲ್ಲಿ ಕಾರ್ಯಕ್ರಮ ವ್ಯವಸ್ಥಾಪಕಿ.

ಕಳೆದ ಸಲದ ತಂಡದಲ್ಲಿ ಒಂದು ದ್ವೀಪದ ವಿಪತ್ತು ಕಚೇರಿಯ ಮುಖ್ಯಸ್ಥೆ ಬಂದಿದ್ದಳು. ನನ್ನ ಓರಗೆಯವಳು, ಬಂದ ಮರುದಿನವೇ ಗೆಳತಿಯಾದಳು, ಅದಕ್ಕೇ ಈ ಏಕವಚನ. ಅವಳಿಗೆ ನಾಯಕತ್ವ ಬೇಕಿರಲಿಲ್ಲ, ಸೈರನ್ ಬೇಕಿತ್ತು. ಬಂದರಿನಲ್ಲಿದ್ದ ಹಳೆಯ ಸೈರನ್ನಿನ ತಂತಿಗಳನ್ನು ಉಪ್ಪುಗಾಳಿ ತಿಂದುಹಾಕಿತ್ತು. ಬ್ಯಾಟರಿ ಪೂರಿಯಂತೆ ಉಬ್ಬಿ ಕೂತಿತ್ತು. ಗಾಳಿ ಜೋರಾದರೆ ಅಲ್ಲಿ ಮೊದಲು ಹೋಗುವುದೇ ಕರೆಂಟು ಮತ್ತು ಫೋನು.

"ವರ್ಷದ ಕೊನೆಗೆ ಚಂಡಮಾರುತದ ಕಾಲ ಶುರು," ಎಂದಳು. "ಸೈರನ್ ಕೂಗದಿದ್ದರೆ ಆಚೆ ಬದಿಯ ಹಳ್ಳಿಗೆ ಗೊತ್ತೇ ಆಗೋದಿಲ್ಲ. ನನ್ನ ಅಕ್ಕ, ಅವಳ ಮಕ್ಕಳು ಇರೋದು ಅಲ್ಲೇ."

ಈ ಮಾತನ್ನು ಅವಳು ಮೊದಲ ಗೋಷ್ಠಿಯಲ್ಲೇ ಎತ್ತಿದಳು. ನಮ್ಮ ನಿರ್ದೇಶಕರು ಕಣ್ಣು ಮುಚ್ಚಿ ಕೇಳಿದರು. ಅವರು ಕೆಟ್ಟವರಲ್ಲ. ಯಾವ ವಿಷಯ ಕೊಟ್ಟರೂ ಅದನ್ನು ಉಪಮೆಯನ್ನಾಗಿ ಮಾಡದೆ ಬಿಡಲಾರರು, ಅಷ್ಟೇ. "ಸೈರನ್ ಬರೀ ಒಂದು ವಸ್ತು," ಎಂದರು. "ನಾವು ವಸ್ತುಗಳನ್ನು ಕೊಡುವುದಿಲ್ಲ, ನಾಯಕರನ್ನು ಬೆಳೆಸುತ್ತೇವೆ. ಎಲ್ಲರೂ ಒಂದು ನಿಮಿಷ ಯೋಚಿಸಿ, ನಿಮ್ಮೊಳಗಿನ ಸೈರನ್ ಯಾವುದು?" ಎಲ್ಲರಿಗೂ ಹಳದಿ ಚೀಟಿ ಹಂಚಲಾಯಿತು. ಒಬ್ಬರು ಧೈರ್ಯ ಎಂದು ಬರೆದರು, ಇನ್ನೊಬ್ಬರು ಕನಸು ಎಂದು ಬರೆದರು. ಅವಳು ಬ್ಯಾಟರಿ ಎಂದು ಬರೆದಳು. ಗೋಡೆಗೆ ಅಂಟಿಸುವಾಗ ನಿರ್ದೇಶಕರು ಅದನ್ನು ಒಳಗಿನ ಶಕ್ತಿ ಎಂದು ವ್ಯಾಖ್ಯಾನಿಸಿದರು.

"ನಮ್ಮಲ್ಲಿ ನಾಯಕರಿಗೇನೂ ಬರ ಇಲ್ಲ," ಎಂದಳು ಊಟದ ಹೊತ್ತಿನಲ್ಲಿ. "ನನ್ನ ಆಫೀಸಿನ ಡ್ರೈವರ್ ಕೂಡ ನಿಮ್ಮ ಸರ್ಟಿಫಿಕೇಟ್ ಇರೋ ಲೀಡರ್."

ಶನಿವಾರ ಅವಳನ್ನು ಕ್ವೇಕರ್ಸ್ ಹಿಲ್‌ನ ನಮ್ಮ ಮನೆಗೆ ಊಟಕ್ಕೆ ಕರೆದೆ. ರೊಟ್ಟಿ ಮುರಿಯುತ್ತಾ ಅವಳು ತೆರೆದಿದ್ದ ಕಪಾಟಿನ ಕಡೆ ಕೈ ತೋರಿಸಿ, ಆ ಬಣ್ಣಬಣ್ಣದ ಟೋಪಿಗಳೇನು ಎಂದು ಕೇಳಿದಳು. ಅವು ಮೈಸೂರು ಪೇಟಗಳು. ನಮ್ಮ ಕನ್ನಡ ಸಂಘದ ಸನ್ಮಾನ ಖಾತೆ ನನ್ನದು. ಪೇಟ, ಶಾಲು, ಗಂಧದ ಹಾರ ಎಲ್ಲವೂ ನಮ್ಮ ಮನೆಯಲ್ಲೇ ಇರುತ್ತವೆ. ಇಲ್ಲಿಗೆ ಬಂದ ಕನ್ನಡಿಗರಲ್ಲಿ ಸನ್ಮಾನ ತಪ್ಪಿಸಿಕೊಂಡವರು ಕಡಿಮೆ. ಸನ್ಮಾನವೆಂದರೇನು ಎಂದು ಅವಳಿಗೆ ವಿವರಿಸುತ್ತಿದ್ದಾಗ ನನ್ನ ಗಂಡ ನಡುವೆ ಬಾಯಿ ಹಾಕಿದರು.

"ನಿಮ್ಮ ಓಣ್ಯಾಗ ಎಮ್ಮೆಲ್ಲೆಗೆ ಹಾರಾ ಹಾಕಿ ಬೋರ್‌ವೆಲ್ ಹೊಡಿಸ್ಕೊಂಡಿದ್ರಲ್ಲ? ಹಂಗ ನಿಮ್ಮ ಬಾಸ್‌ಗೂ ಒಂದ್ ಪೇಟಾ ಸುತ್ತಿ ಬಿಡ್ರಿ!"

ಹೌದಲ್ಲ! ನಮ್ಮ ಓಣಿಯ ಹಿರಿಯರು ಶಾಸಕರನ್ನು ವೇದಿಕೆಗೆ ಕರೆದು, ಹಾರ ಹಾಕಿ, ಬೋರ್‌ವೆಲ್ ಮಂಜೂರು ಮಾಡಿದ್ದಕ್ಕೆ ಮೈಕಿನಲ್ಲಿ ಮೊದಲೇ ಧನ್ಯವಾದ ಹೇಳಿಬಿಟ್ಟಿದ್ದರು. ಕೊರಳಲ್ಲಿ ಹಾರ ಇರುವಾಗ ಇಲ್ಲವೆಂದು ತಲೆ ಅಲ್ಲಾಡಿಸುವ ಮನುಷ್ಯ ಇನ್ನೂ ಹುಟ್ಟಿಲ್ಲ.

"ಅಮ್ಮಾ, ದಟ್ಸ್ ಬ್ರೈಬರಿ," ಎಂದಳು ಮಗಳು, ಫೋನಿನಿಂದ ತಲೆ ಎತ್ತದೆ.

"ಇದು ಸಂಸ್ಕೃತಿ. ನೀ ಸುಮ್ನ ಊಟಾ ಮಾಡು," ಎಂದೆ.

ಸಮಾರೋಪ ಮೆಲ್ಬರ್ನ್‌ನಲ್ಲಿತ್ತು, ನದಿಯ ದಂಡೆಯ ದೊಡ್ಡ ಹೋಟೆಲಿನಲ್ಲಿ. ಪೇಟದ ಡಬ್ಬಿಯನ್ನು ವಿಮಾನದಲ್ಲಿ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಹೋದೆ. ಸಂಸ್ಥೆಗೆ ನೆರವು ಕೊಡುವವರೆಲ್ಲ ಮುಂದಿನ ಸಾಲಿನಲ್ಲಿದ್ದರು, ಕ್ಯಾಮೆರಾಗಳೂ ಇದ್ದವು. ನಿರ್ದೇಶಕರಿಗೆ ನಮ್ಮ ಕಡೆಯ ಒಂದು ಪುಟ್ಟ ಗೌರವ ಎಂದಷ್ಟೇ ಹೇಳಿದ್ದೆ. ಅವರು ಹಿಗ್ಗಿ ಹೀರೇಕಾಯಿಯಾದರು. ನಾನು ಶಾಲು ಹೊದಿಸಿ ಹಾರ ಹಾಕಿದೆ. ಗೆಳತಿ ಪೇಟ ತೊಡಿಸಿ ಮೈಕ್ ಹಿಡಿದಳು.

"ಚಂಡಮಾರುತದ ಕಾಲಕ್ಕೆ ಮೊದಲೇ ನಮ್ಮ ಬಂದರಿಗೆ ಹೊಸ ಸೈರನ್ ಕೊಡಿಸುತ್ತಿರುವ ಈ ಮಹನೀಯರಿಗೆ ನಮ್ಮ ಇಡೀ ದ್ವೀಪದ ಕೃತಜ್ಞತೆಗಳು."

ಚಪ್ಪಾಳೆಯೋ ಚಪ್ಪಾಳೆ. ಪೇಟ ಸ್ವಲ್ಪ ದೊಡ್ಡದಾಗಿ ನಿರ್ದೇಶಕರ ಹುಬ್ಬಿನವರೆಗೆ ಇಳಿದಿತ್ತು. ಅದರ ಕೆಳಗಿನಿಂದ ಅವರು ಮುಂದಿನ ಸಾಲನ್ನೊಮ್ಮೆ ನೋಡಿ, "ಖಂಡಿತ," ಎಂದರು. ಗೆದ್ದೆವು ಎಂದುಕೊಂಡು ನಾವಿಬ್ಬರೂ ಹೋಟೆಲಿನ ಬಾತ್‌ರೂಮಿಗೆ ಹೋಗಿ ಹುಡುಗಿಯರಂತೆ ಕುಣಿದೆವು. ಕೂಸು ಹುಟ್ಟುವ ಮುಂಚೆಯೇ ಕುಲಾವಿ ಹೊಲಿಸಿದ್ದೆವು.

ಏಕೆಂದರೆ ಪದ್ಧತಿಯ ಅರ್ಧವನ್ನು ಮಾತ್ರ ನಾನು ಕಡಲು ದಾಟಿಸಿದ್ದೆ. ನಮ್ಮ ಓಣಿಗೆ ನೀರು ಬಂದದ್ದು ಹಾರದಿಂದಲ್ಲ. ಹಾರ ಬಾಡಿದ ಮೇಲೆ ಓಣಿಯ ಹೆಂಗಸರೆಲ್ಲ ಖಾಲಿ ಕೊಡ ಹಿಡಿದು ಶಾಸಕರ ಮನೆಯ ಮೆಟ್ಟಿಲ ಮೇಲೆ ಕೂತಿದ್ದರು. ಬೋರಿನ ಲಾರಿ ಬರುವವರೆಗೆ ಯಾರೂ ಎದ್ದಿರಲಿಲ್ಲ. ಇಲ್ಲಿ ಕೊಡವೂ ಇಲ್ಲ, ಕೂರುವವರೂ ಇಲ್ಲ. ಕೇಳಬೇಕಾದವಳು ಸಾಗರದ ಆಚೆ ಇದ್ದಳು. ನಾನೊಬ್ಬಳೇ ದಿನವೂ ಬೆಳಿಗ್ಗೆ ನಿರ್ದೇಶಕರ ಬಾಗಿಲಲ್ಲಿ ನಿಂತು ಸೈರನ್ ಏನಾಯಿತು ಎಂದು ಕೇಳುತ್ತಿದ್ದೆ. ಅದನ್ನವರು ನನ್ನ ಉತ್ಸಾಹ ಎಂದು ತಿಳಿದು ಎಲ್ಲರೆದುರು ಹೊಗಳಿದರು. ಕೊನೆಗೊಂದು ದಿನ, "ನಾನು ಹೇಳಿದ್ದು ವಿಶಾಲ ಅರ್ಥದಲ್ಲಿ," ಎಂದರು. ಆ ವಿಶಾಲ ಅರ್ಥದಿಂದ ಒಂದು ಕೈಪಿಡಿ ಹುಟ್ಟಿತು. ಎಚ್ಚರಿಕೆಯ ನಾಯಕತ್ವ ಎಂದು ಅದರ ಹೆಸರು, ಮುಖಪುಟದಲ್ಲಿ ಪೇಟ ತೊಟ್ಟ ನಿರ್ದೇಶಕರು. ನನಗೆ ಮೈಯೆಲ್ಲ ಉರಿಯಿತು. ಅದರ ಒಂದು ಕಟ್ಟನ್ನು ಅವಳ ದ್ವೀಪಕ್ಕೆ ಕಳಿಸುವ ಕೆಲಸವೂ ನನ್ನ ಪಾಲಿಗೇ ಬಂತು.

ವರ್ಷದ ಕೊನೆಗೆ ಗಾಳಿ ಬಂತು. ಅವಳ ಫೋನು ಹತ್ತಲೇ ಇಲ್ಲ. ಸಂಘದ ಕಾರ್ಯಕ್ರಮಕ್ಕೆ ಹೋದರೂ ಯಾರಿಗೆ ಶಾಲು ಹೊದಿಸುತ್ತಿದ್ದೇನೆಂಬ ಗಮನವೇ ನನಗಿರಲಿಲ್ಲ. ಕೊನೆಗೆ ಒಂದು ಸಂಜೆ, ಮನೆಗೆ ಮರಳುವ ರೈಲು ಪೆಂಡಲ್ ಹಿಲ್ ನಿಲ್ದಾಣ ದಾಟುತ್ತಿದ್ದಾಗ ಕರೆ ಬಂತು. ಆ ಕಡೆಯಿಂದ ಬರೀ ಉಸಿರು. ಕಿವಿಗೆ ಒತ್ತಿ ಹಿಡಿದ ಮೇಲೆ ಅದು ಅವಳ ಪಿಸುಮಾತು ಎಂದು ತಿಳಿಯಿತು.

ಬಿರುಗಾಳಿಯ ಸುದ್ದಿ ತಿಳಿದ ಕೂಡಲೇ ಅವಳು ಆಫೀಸಿನ ಪಿಕಪ್ ಹತ್ತಿದ್ದಳು. ಡ್ರೈವರ್ ಗಾಡಿ ಓಡಿಸಿದ, ಇವಳು ಹಿಂದೆ ನಿಂತು ಊರೂರಿಗೆ ಕೂಗಿಕೊಂಡು ದ್ವೀಪವನ್ನೆಲ್ಲ ಸುತ್ತಿದಳು. ಆಚೆ ಬದಿಯ ಹಳ್ಳಿ ಪೂರ್ತಿ ಗುಡ್ಡ ಹತ್ತಿತು. ಅಕ್ಕನ ಮನೆಯ ಸೂರು ಹಾರಿಹೋಗಿದೆ, ಅಕ್ಕನೂ ಮಕ್ಕಳೂ ಉಳಿದಿದ್ದಾರೆ.

"ಗಂಟಲು ಹರಿದಿದೆ. ಧ್ವನಿ ತಿರುಗಿ ಬರೋದು ಅನುಮಾನ ಅಂತಾರೆ ಡಾಕ್ಟರು," ಎಂದು ಪಿಸುಗುಟ್ಟಿದಳು. ಆಮೇಲೆ ನಕ್ಕಳೆಂದು ತೋರುತ್ತದೆ, ಸದ್ದಿಲ್ಲದೆ. "ನಿಮ್ಮ ನಿರ್ದೇಶಕರಿಗೆ ಹೇಳು, ನನ್ನೊಳಗಿನ ಸೈರನ್ ಸಿಕ್ಕಿತು ಅಂತ."

ಅಷ್ಟು ಜನರ ನಡುವೆ ರೈಲಿನಲ್ಲಿ ಬಿಕ್ಕಿ ಬಿಕ್ಕಿ ಅತ್ತೆ.

ಮರುದಿನ ನಿರ್ದೇಶಕರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಗಾಜಿನ ಕಪಾಟಿನಲ್ಲಿ ನಮ್ಮ ಸಂಘದ ಪೇಟ ಇನ್ನೂ ಕೂತಿತ್ತು. ಅವರ ಕಣ್ಣೂ ಒದ್ದೆಯಾಯಿತು, ಸುಳ್ಳು ಹೇಳಲಾರೆ. ಕನ್ನಡಕ ಒರೆಸಿಕೊಂಡು, "ಎಂಥ ಕಥೆ! ಮುಂದಿನ ಸಮಾರೋಪಕ್ಕೆ ಅವಳದೇ ಮುಖ್ಯ ಭಾಷಣ," ಎಂದರು.

"ಅವಳಿಗೆ ಧ್ವನಿ ಇಲ್ಲ," ಎಂದೆ.

ಅವರು ಸಮಾಧಾನದ ದನಿಯಲ್ಲಿ ಹೇಳಿದರು: "ಆ ಚಿಂತೆ ಬಿಡಿ. ಮೆಲ್ಬರ್ನ್ ಸಭೆಗೆ ಹೊಸ ಸೌಂಡ್ ಸಿಸ್ಟಮ್ ಕೊಂಡಿದ್ದೇವೆ. ಪಿಸುಗುಟ್ಟಿದರೂ ಕೊನೆಯ ಕುರ್ಚಿಯವರೆಗೆ ಕೇಳಿಸುತ್ತದೆ."